ಅಕ್ಕನ ಅಕ್ಷರ

ಪತ್ರಿಕೆಯ ತಲೆಬರಹವನ್ನು ನೀನೇ ಬರೆದುಕೊಡು, ಜೊತೆಗೆ ಅಕ್ಷರ ಕಲಿತ ಕಥೆಯನ್ನೂ ನಾಲ್ಕು ಪುಟ ಬರೆ ಎಂದು ನಮ್ಮ ಸಾಹಿತ್ಯ ಕೂಟದ ಕಾರ್ಯದರ್ಶಿ ಹೇಳಿದಾಗ ಮೊದಲು ನನಗೆ ಹಿಗ್ಗಾಯಿತು. ಆಮೇಲೆ ಹೆದರಿಕೆ. ತಲೆಬರಹಕ್ಕೆ ಐದಾರು ಹಾಳೆ ಕೆಡಿಸಿದರೆ ಸಾಕು. ಲೇಖನ ಹಾಗಲ್ಲ, ನಿಜ ಹೇಳಬೇಕಾಗುತ್ತದೆ. ಕಳೆದ ರಾಜ್ಯೋತ್ಸವದ ದಿನ ಇದೇ ಕೂಟದ ವೇದಿಕೆಯ ಮೇಲೆ ನಿಂತು ನಾನೊಂದು ಮಾತು ಹೇಳಿ ಚಪ್ಪಾಳೆ ತಗೊಂಡಿದ್ದೆ. ಆ ಮಾತನ್ನು ತಿದ್ದಿಕೊಳ್ಳೋದಕ್ಕೆ ಈ ನಾಲ್ಕು ಪುಟ ಉಪಯೋಗಿಸಿಕೊಳ್ಳುತ್ತಿದ್ದೇನೆ. ಓದುಗ ಮಿತ್ರರು ಕ್ಷಮಿಸಬೇಕು.

ನಮ್ಮ ಮನೆ ದಿವಾದಲ್ಲಿ. ನಿಮ್ಮಲ್ಲಿ ಬಹಳ ಮಂದಿ ದಿವಾವನ್ನು ಗಾಡಿಯ ಕಿಟಕಿಯಿಂದ ಮಾತ್ರ ನೋಡಿರುತ್ತೀರಿ. ಠಾಣೆ ಬಿಟ್ಟರೆ ಕಳವಾ, ಮುಂಬ್ರಾ, ಆಮೇಲೆ ನಮ್ಮ ದಿವಾ. ಮುಂದೆ ಕೋಪರ್, ಡೊಂಬಿವಲಿ. ಪನವೇಲಿಗೆ ಒಂದು ಹಳಿ, ವಸಯಿಗೆ ಒಂದು ಹಳಿ ಇಲ್ಲಿಂದ ಹೊರಡುತ್ತವೆ, ಆದ್ದರಿಂದ ಜಂಕ್ಷನ್ ಎಂಬ ದೊಡ್ಡ ಹೆಸರು. ಜಂಕ್ಷನ್ ಆದರೂ 2016ರ ಡಿಸೆಂಬರಿನವರೆಗೆ ಫಾಸ್ಟ್ ಲೋಕಲ್ಲು ಇಲ್ಲಿ ನಿಲ್ಲದೆ ಧೂಳೆಬ್ಬಿಸಿಕೊಂಡು ಹೋಗಿಬಿಡುತ್ತಿತ್ತು. ಬೆಳಗಿನ ಹೊತ್ತು ಇಲ್ಲಿ ಗಾಡಿ ಹತ್ತುವುದೇ ಒಂದು ವಿದ್ಯೆ. ಬುದ್ಧಿವಂತರು ಮೊದಲು ಉಲ್ಟಾ ಡೊಂಬಿವಲಿಗೆ ಹೋಗಿ, ಅಲ್ಲಿ ಜಾಗ ಹಿಡಿದು, ತಿರುಗಿ ದಿವಾದ ಮೇಲಿಂದಲೇ ಮುಂಬಯಿಗೆ ಹೋಗುತ್ತಾರೆ. ಇಂಥ ಗಾಡಿಯಲ್ಲಿ ಡ್ರಾಯಿಂಗ್ ಹಾಳೆಯ ಸುರುಳಿ ಹಿಡಿದುಕೊಂಡು ಠಾಣೆಗೆ ಮುಟ್ಟಿಸುವುದು ಅಂದರೆ ಏನು ಅನ್ನೋದನ್ನ ನಾನು ವಿವರಿಸಬೇಕಾಗಿಲ್ಲ.

ಅಪ್ಪ ಗೌಂಡಿ. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು. ಮೊದಲು ಅಪ್ಪ ಒಬ್ಬನೇ ಬಂದ, 2013ರಲ್ಲಿ ನಮ್ಮನ್ನೂ ಕರಕೊಂಡ. ಅಷ್ಟರಲ್ಲಿ ಅಕ್ಕ ಊರಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ್ದಳು, ನಾನು ಎರಡನೆಯದು. ದಿವಾದಲ್ಲಿ ಇಬ್ಬರನ್ನೂ ಮರಾಠಿ ಶಾಲೆಗೆ ಹಾಕಿದರು. ಒಂದು ವರ್ಷದೊಳಗೆ ನನ್ನ ಕನ್ನಡ ಅಕ್ಷರಗಳು ಒಂದೊಂದಾಗಿ ಇಳಿದುಹೋದವು, ಲೋಕಲ್ಲಿನಿಂದ ಜನ ಇಳಿದ ಹಾಗೆ. ಅವನ್ನು ಹಿಡಿದು ತಂದು ಮತ್ತೆ ಹತ್ತಿಸಿದವಳು ಅಕ್ಕ.

ನಮ್ಮ ಖೋಲಿಯ ನೆಲಕ್ಕೆ ಶಹಾಬಾದಿ ಕಲ್ಲು ಹಾಕಿದೆ. ಮುಂಬಯಿಯ ಚಾಳುಗಳಲ್ಲಿ ಶಹಾಬಾದಿ ಎಂದರೆ ಎಲ್ಲರಿಗೂ ಗೊತ್ತು. ಅದು ಕಲಬುರ್ಗಿ ಜಿಲ್ಲೆಯ ಊರಿನ ಹೆಸರು ಅನ್ನೋದು ಕೆಲವರಿಗೇ ಗೊತ್ತು. ಆ ಕಲ್ಲಿನ ಮೇಲೆ ಅಕ್ಕ ಸೀಮೆಸುಣ್ಣದಿಂದ ಕಾಗುಣಿತ ಬರೆಯುತ್ತಿದ್ದಳು, ನಾನು ಅದರ ಮೇಲೆಯೇ ತಿದ್ದುತ್ತಿದ್ದೆ. ಹಾಳೆಗೆ ರೊಕ್ಕ ಬೇಕು, ನೆಲಕ್ಕೆ ಬೇಕಿಲ್ಲ.

"ತಲಿಕಟ್ಟು ಮೊದಲ ಹಾಕಬ್ಯಾಡೋ ತಮ್ಮಾ. ಕೆಳಗಿಂದು ದುಂಡಗ ಬರಲಿ, ಆಮ್ಯಾಲೆ ತಲಿ ಕಟ್ಟು."

ನಾನು ಮರಾಠಿ ಅಭ್ಯಾಸದಿಂದ ಮೇಲೊಂದು ಉದ್ದ ಗೆರೆ ಎಳೆದು ಅದಕ್ಕೆ ಕನ್ನಡ ಅಕ್ಷರಗಳನ್ನು ತೂಗುಹಾಕುತ್ತಿದ್ದೆ, ಹಗ್ಗದ ಮೇಲೆ ಅರಿವೆ ಒಣಹಾಕಿದ ಹಾಗೆ. ಅವಳು ನಕ್ಕು, ಅಳಿಸಿ, ಮತ್ತೆ ಬರೆಯುತ್ತಿದ್ದಳು. ಗುಡಿಸು, ಕೊಂಬು, ಏತ್ವ, ಓತ್ವ, ವಟ್ರಸುಳಿ ಎಲ್ಲಾ ನಾನು ಕಲಿತದ್ದು ಆ ನೆಲದ ಮೇಲೆ. ರಾತ್ರಿ ನಳಕ್ಕೆ ನೀರು ಬಂತೆಂದರೆ ಅವ್ವ ಹಂಡೆ ತುಂಬಿಸಿಕೊಂಡು ಒಳಗೆ ಬರೋಳು. ಅವಳ ತೊಯ್ದ ಕಾಲಿಗೆ ನಮ್ಮ ಇಡೀ ವರ್ಣಮಾಲೆ ಹತ್ತಿಕೊಂಡು ಮೋರಿಯವರೆಗೆ ಹೋಗೋದು.

ನಮ್ಮ ರಾಜ್ಯದಲ್ಲಿ ಶಾಲೆಯ ಮಕ್ಕಳಿಗೆ ಎಲಿಮೆಂಟರಿ, ಇಂಟರ್ಮೀಡಿಯೆಟ್ ಅಂತ ಚಿತ್ರಕಲೆಯ ಎರಡು ಪರೀಕ್ಷೆ ಇವೆಯಲ್ಲ, ಅಕ್ಕ ಅದರಲ್ಲಿ ಮೊದಲನೆಯದಕ್ಕೆ ಕೂತು 'ಎ' ಗ್ರೇಡು ತಂದಳು. ಎರಡನೆಯದರ ಫೀ ಕಟ್ಟುವ ಹೊತ್ತಿಗೆ ಊರಲ್ಲಿ ಅಜ್ಜ ತೀರಿಕೊಂಡ, ಎಲ್ಲರೂ ಊರಿಗೆ ಹೋದೆವು, ಬರುವುದರೊಳಗೆ ತಾರೀಖು ಮುಗಿದಿತ್ತು. ಅವಳ ಬ್ರಶ್ಶು, ಬಣ್ಣದ ಬಾಟ್ಲಿ ನನ್ನ ಕೈಗೆ ಬಂದವು. ನಾನು ಎರಡೂ ಪರೀಕ್ಷೆ ಪಾಸಾದೆ. ನೆಂಟರ ಮುಂದೆ ಅಪ್ಪ "ನಮ್ಮ ಹುಡುಗನ ಕೈಯಾಗ ಕಲಾ ಐತಿ" ಅನ್ನೋನು. ಆ ಕೈಯೊಳಗಿನ ಬ್ರಶ್ಶು ಯಾರದು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇದು ಮೊದಲನೆಯ ಸಲ.

2020ರ ಮಾರ್ಚಿ ಕೊನೆಗೆ ಲೋಕಲ್ಲು ನಿಂತಿತು. ದಿವಾದಲ್ಲಿ ಹುಟ್ಟಿದ ಮಕ್ಕಳು ಮೊದಲ ಬಾರಿ ಗಾಡಿಯ ಸಪ್ಪಳವಿಲ್ಲದ ರಾತ್ರಿ ಕಂಡರು. ಅಪ್ಪನ ಕೆಲಸ ನಿಂತಿತು, ಅರ್ಧ ಕಟ್ಟಿದ ಬಿಲ್ಡಿಂಗುಗಳು ಅರ್ಧಕ್ಕೇ ನಿಂತವು. ಜೂನಿನಲ್ಲಿ ಶಾಲೆಗಳು ಫೋನಿನೊಳಗೆ ತೆರೆದವು. ಮನೆಯಲ್ಲಿ ಇದ್ದದ್ದು ಒಂದೇ ಫೋನು. ನಾನು ಹತ್ತನೆಯ ಇಯತ್ತೆ, ಅಕ್ಕ ಹನ್ನೆರಡನೆಯದು. ಯಾರೂ ಕೂತು ಚರ್ಚೆ ಮಾಡಲಿಲ್ಲ. ಅಪ್ಪ ಏನೂ ಹೇಳಲಿಲ್ಲ, ಅವ್ವ ಏನೂ ಹೇಳಲಿಲ್ಲ. ಎರಡು ದಿನ ಫೋನು ಇಬ್ಬರ ನಡುವೆ ತಿರುಗಾಡಿತು. ಮೂರನೆಯ ದಿನ ಅಕ್ಕ ಅದನ್ನು ಚಾರ್ಜಿಗೆ ಹಾಕಿ, ನನ್ನ ಪುಸ್ತಕದ ಮೇಲೆ ಇಟ್ಟು, ಅಕ್ಕಿ ಆರಿಸಲಿಕ್ಕೆ ಕೂತಳು. ಕಾಲೇಜಿನ ಫೀಯೂ ಕಟ್ಟಲಿಲ್ಲ, ಪರೀಕ್ಷೆಯ ಫಾರಮ್ಮೂ ತುಂಬಲಿಲ್ಲ.

ಮುಂದಿನ ವರ್ಷ ಏನಾಯಿತು ಅಂತ ನಿಮಗೆ ನೆನಪಿರಬಹುದು. 2021ರಲ್ಲಿ ಮಹಾರಾಷ್ಟ್ರದಲ್ಲಿ ಹತ್ತನೆಯದೂ ಹನ್ನೆರಡನೆಯದೂ ಪರೀಕ್ಷೆಗಳೇ ರದ್ದಾದವು. ಹಿಂದಿನ ಅಂಕಗಳನ್ನೂ ಒಳಗಿನ ಅಂಕಗಳನ್ನೂ ಕೂಡಿಸಿ ಫಲಿತಾಂಶ ಕೊಟ್ಟರು. ಹೆಸರು ನೋಂದಾಯಿಸಿದವರು ಹೆಚ್ಚುಕಡಿಮೆ ಎಲ್ಲರೂ ಪಾಸು. ಅಂದರೆ ಅಕ್ಕ ಪುಸ್ತಕ ತೆರೆಯದಿದ್ದರೂ ಆಗುತ್ತಿತ್ತು, ಹೆಸರೊಂದು ಇದ್ದಿದ್ದರೆ ಸಾಕಿತ್ತು. ಫಲಿತಾಂಶದ ದಿನ ಅವ್ವ ಪೇಢೆ ತಂದಳು. ಅಕ್ಕನೂ ತಿಂದಳು. ಆಗ ಅವಳು ಡೊಂಬಿವಲಿಯಲ್ಲಿ ಒಂದು ಸೀರೆಯ ಅಂಗಡಿಗೆ ಹೋಗುತ್ತಿದ್ದಳು. 2020ರ ಅಕ್ಟೋಬರಿನಲ್ಲಿ ಹೆಂಗಸರಿಗೆ ಮಾತ್ರ ಗೊತ್ತಾದ ವೇಳೆಯಲ್ಲಿ ಲೋಕಲ್ಲು ಬಿಟ್ಟರಲ್ಲ, ಆಗ ನಮ್ಮ ಮನೆಯಿಂದ ಮೊದಲು ಹೊರಗೆ ಹೋಗಿ ದುಡಿದು ತಂದವಳು ಅವಳೇ. ಅಂಗಡಿಯಲ್ಲಿ ಅವಳಿಗೆ ಬೇಗನೆ ಒಂದು ವಿಶೇಷ ಕೆಲಸ ಸಿಕ್ಕಿತು. ಸೀರೆಯ ಮಡಿಕೆಗೆ ಸಿಕ್ಕಿಸುವ ಬೆಲೆಯ ಚೀಟಿ ಬರೆಯುವುದು. ಅಕ್ಷರ ಚಂದ ಇದ್ದುದರಿಂದ.

ನನ್ನನ್ನು ಠಾಣೆಯ ಭಾನುವಾರದ ಸುಲೇಖನ ತರಗತಿಗೆ ಸೇರಿಸಿದವಳೂ ಅವಳೇ, ಆ ಚೀಟಿಗಳ ದುಡ್ಡಿನಿಂದ. ಅಲ್ಲಿ ನನಗೊಂದು ಲೋಕ ಕಾಣಿಸಿತು. ಮರಾಠಿ ಅಕ್ಷರಕ್ಕೆ ಈ ಊರಿನಲ್ಲಿ ಎಷ್ಟು ದೊಡ್ಡ ಮನೆತನ ಇದೆ ಅನ್ನೋದು ಗೊತ್ತಾಯಿತು. ಮರಾಠಿ ನಾಟಕಗಳ ಹೆಸರನ್ನು ನೋಡಿದ ಕೂಡಲೇ ಒಳಗಿನ ಕಥೆ ತಿಳಿಯೋ ಹಾಗೆ ಬರೆದ ಕಮಲ್ ಶೆಡಗೆ ಇದ್ದರು, 2020ರಲ್ಲಿ ತೀರಿಕೊಂಡರು. ಹಳೆಯ ಮೋಡಿ ಲಿಪಿಯನ್ನು ಅಭ್ಯಾಸ ಮಾಡಿ ಅದರಿಂದ ಹೊಸ ಬರವಣಿಗೆ ತೆಗೆದ ಅಚ್ಯುತ್ ಪಾಲವ್ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಮುಂಬಯಿಯ ಐಐಟಿಯಲ್ಲಿ ಕಲಿಸುತ್ತಿದ್ದ ಆರ್. ಕೆ. ಜೋಶಿ, 2008ರಲ್ಲಿ ತೀರಿಕೊಂಡವರು, ಕಂಪ್ಯೂಟರಿನ ವಿಂಡೋಸ್‌ಗೆ ಭಾರತೀಯ ಲಿಪಿಗಳ ಫಾಂಟುಗಳನ್ನು ಮಾಡಿಸಿಕೊಟ್ಟರು. ಅದರಲ್ಲಿ ನಮ್ಮ ಕನ್ನಡದ 'ತುಂಗಾ' ಕೂಡ ಒಂದು. ಮಲೆನಾಡಿನ ಹೊಳೆಯ ಹೆಸರಿನ ಅಕ್ಷರ ಮುಂಬಯಿಯ ಮರಾಠಿ ಗುರುವಿನ ಕೈಕೆಳಗೆ ತಯಾರಾದದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಸರ್ ಮೊದಲು ಕೈಗೆ ಕೊಟ್ಟದ್ದು ಬೋರು, ಅಂದರೆ ಲಾಳದ ಕಡ್ಡಿಯ ಲೇಖನಿ. ದೇವನಾಗರಿಗೆ ಅದರ ತುದಿಯನ್ನು ಓರೆಯಾಗಿ ಕತ್ತರಿಸುತ್ತಾರೆ, ಇಂಗ್ಲಿಷಿನ ನಿಬ್ಬಿನ ಓರೆಗೆ ಎದುರು ದಿಕ್ಕಿಗೆ. ಹಿಡಿತ ಬದಲಿಸದೆ ಎಳೆದರೆ ದಪ್ಪ ಬರಬೇಕಾದ ಕಡೆ ದಪ್ಪ, ಸಣ್ಣ ಬರಬೇಕಾದ ಕಡೆ ಸಣ್ಣ, ತಾನಾಗಿಯೇ ಬರುತ್ತದೆ. ಆರು ತಿಂಗಳು ನಾನು ಅದನ್ನೇ ಮಾಡಿದೆ. ಒಂದು ದಿನ ಸರ್ ಹತ್ತಿರ ಬಂದು, "ತೂ ಕಾನಡೀ ನಾ? ಕನ್ನಡ ಲಿಹೂನ್ ದಾಖವ್" ಅಂದರು. ಅದೇ ಬೋರಿನಿಂದ ಅ, ಆ, ಇ ಬರೆದೆ. ಪುಣೇರಿ ಪಗಡಿ ಸುತ್ತಿಕೊಂಡ ನಮ್ಮ ಊರಿನ ಗೌಡರ ಹಾಗೆ ಕಂಡವು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ.

ಕಾರಣ ಹುಡುಕುತ್ತ ಹೋದೆ. ನಮ್ಮ ಅಕ್ಷರ ಬೆಳೆದದ್ದು ಬೇರೆ ಹತ್ಯಾರಗಳಿಂದ. ಕಲ್ಲಿನ ಮೇಲೆ ಉಳಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದು, ಅದರ ಚಿತ್ರವನ್ನು ಫೋನಿನಲ್ಲಿ ಹಿಗ್ಗಿಸಿ ನೋಡಿ. ತಾಳೆಗರಿಯ ಮೇಲೆ ಕಂಠ, ಅಂದರೆ ಕಬ್ಬಿಣದ ಚೂಪು ಕಡ್ಡಿ. ಅದರಿಂದ ಕೊರೆದು ಮೇಲೆ ಕಾಡಿಗೆ ಒರೆಸಿದರೆ ಗೆರೆ ಎಲ್ಲೆಡೆ ಒಂದೇ ಗಾತ್ರ. ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ದಕ್ಷಿಣದ ಲಿಪಿಗಳು ದುಂಡಗಾದವು ಎಂದು ಹೇಳುತ್ತಾರೆ. ಕಡತ ಅಂತ ಈಗ ನಾವು ಆಫೀಸಿನ ಫೈಲಿಗೆ ಅನ್ನುತ್ತೇವೆ. ಮೊದಲು ಅದು ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಕಪ್ಪು ಮಾಡಿ ಮಡಿಚಿದ ಬಟ್ಟೆ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟಾಗಲೂ ಅದು ಅಚ್ಚಿನ ಮೊಳೆಯದಲ್ಲ, ಕಲ್ಲಚ್ಚಿನದು. ಯಾರದೋ ಕೈಬರಹವೇ ಪತ್ರಿಕೆಯಾಗಿ ಬಂತು. ಉಳಿ, ಕಂಠ, ಬಳಪ, ಇವುಗಳ ನಡುವೆ ನನ್ನ ಓರೆ ಬೋರಿಗೆ ಎಲ್ಲಿ ದಪ್ಪ ಆಗಬೇಕು, ಎಲ್ಲಿ ಸಣ್ಣ ಆಗಬೇಕು ಎಂದು ಹೇಳುವವರು ಯಾರು?

ಹೇಳಿದವಳು ಅಕ್ಕ. ಅಂಗಡಿಯಿಂದ ಬಂದು, ಕಾಲು ಚಾಚಿ ಕೂತು, ನನ್ನ ಹಾಳೆಗಳನ್ನು ನೋಡುತ್ತ ಇದ್ದಳು. ಬೋರು ಕೇಳಿ ಇಸಕೊಂಡಳು. ಅದನ್ನು ಹಿಡಿದು ಒಂದೆರಡು ಸಲ ಹೊರಳಿಸಿದಳು, ತುದಿಯ ಅಗಲ ನೆಟ್ಟಗೆ ನಿಲ್ಲುವ ಹಾಗೆ. ಆಮೇಲೆ ಒಂದು 'ಕ' ಬರೆದಳು. ಅಡ್ಡ ಬರುವ ಗೆರೆಯೆಲ್ಲ ದಪ್ಪ, ಏರಿ ಇಳಿಯುವುದೆಲ್ಲ ಸಣ್ಣ. ಅಕ್ಷರ ತನ್ನ ತೂಕವನ್ನು ಕೆಳಗೆ ಇಳಿಸಿ ನೆಲದ ಮೇಲೆ ಕೂತಿತ್ತು.

"ಹೊಟ್ಟಿ ತುಂಬಲಿ, ಬೆನ್ನ ಸಣ್ಣ ಇರಲಿ. ನೀ ಬೆನ್ನಿಗೆ ಉಣಸಾಕತ್ತಿ" ಅಂದಳು.

ಮುಂದಿನ ಭಾನುವಾರ ನಾನು ಹಾಗೇ ಬರೆದುಕೊಂಡು ಹೋದೆ. ಸರ್ ಎರಡು ನಿಮಿಷ ಸುಮ್ಮನೆ ನೋಡಿದರು. ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಈ ಹಿಡಿತ ಹೇಗೆ ಹೊಳೆಯಿತು ಎಂದು ಕೇಳಿದರು. "ಪ್ರಾಕ್ಟೀಸ್ ಮಾಡ್ತಾ ಮಾಡ್ತಾ" ಎಂದೆ. ಇದು ಎರಡನೆಯ ಸಲ.

ಅಪ್ಪ ಅವ್ವರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಅವ್ವ ರೊಟ್ಟಿ ತಟ್ಟುವುದನ್ನು ನೋಡಿ ನಾನು ದುಂಡಗೆ ಬರೆಯಲು ಕಲಿತೆ ಎಂದು ಬರೆದರೆ ನೀವೆಲ್ಲ ಮೆಚ್ಚಿಕೊಂಡೀರಿ, ಆದರೆ ಅದು ಸುಳ್ಳು. ಅವ್ವನ ರೊಟ್ಟಿಗೂ ನನ್ನ ಅಕ್ಷರಕ್ಕೂ ಇದ್ದ ಸಂಬಂಧ ಇಷ್ಟೇ: ಇಬ್ಬರಿಗೂ ಅದೇ ಜಾಗ ಬೇಕಾಗಿತ್ತು. ಖಾನಾವಳಿಯೊಂದಕ್ಕೆ ಅವಳು ದಿನಾ ರೊಟ್ಟಿ ಮಾಡಿಕೊಡುತ್ತಾಳೆ. ನನ್ನ ಪ್ರದರ್ಶನದ ಹಾಳೆಗಳು ಒಣಗುವ ದಿನಗಳಲ್ಲಿ ಅವಳು ಒಲೆಯನ್ನು ಬಾಗಿಲ ಹೊರಗಿನ ಓಣಿಗೆ ಒಯ್ದು, ಹೋಗಿಬರುವವರಿಂದ ಬೈಸಿಕೊಂಡು, ಅಲ್ಲಿ ಬೇಯಿಸಿದಳು. ಅಪ್ಪ ಸೆಂಟ್ರಿಂಗಿನ ಪ್ಲೈವುಡ್ಡಿನ ತುಂಡೊಂದನ್ನು ತಂದು, ಮರಳು ಕಾಗದದಿಂದ ಉಜ್ಜಿ ನನಗೆ ಹಲಗೆ ಮಾಡಿಕೊಟ್ಟ. ಅವನಿಗೆ ಓದಲು ಸರಿಯಾಗಿ ಬರೋದಿಲ್ಲ. ಆದರೂ ನಾನು ಬರೆದದ್ದನ್ನು ಗೋಡೆಗೆ ಹಚ್ಚಿ, ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡುವನು. "ಈ ಎರಡನೇದು ಓಳಂಬಕ್ಕಿಲ್ಲ ನೋಡು" ಅನ್ನುವನು. ಹೋಗಿ ನೋಡಿದರೆ ಅದು ನಿಜವಾಗಿಯೂ ವಾಲಿರುತ್ತಿತ್ತು. ಪನವೇಲಿನ ಕಡೆಯ ಗೂಡ್ಸ್ ಗಾಡಿ ಹೋಗುವಾಗ ನಮ್ಮ ನೆಲ ನಡುಗುತ್ತದೆ. ದೂರದಲ್ಲಿ ಸಪ್ಪಳ ಕೇಳಿದ ಕೂಡಲೇ ಮೂವರಲ್ಲಿ ಒಬ್ಬರು "ಗಾಡಿ ಬಂತು, ಕೈ ಎತ್ತು" ಎಂದು ಕೂಗುವರು.

ಇಷ್ಟೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡೇ ನಾನು ರಾಜ್ಯೋತ್ಸವದ ದಿನ ವೇದಿಕೆ ಹತ್ತಿದ್ದು. ಹಿಂದಿನ ಗೋಡೆಗೆ ನನ್ನ ವರ್ಣಮಾಲೆಯ ಹಾಳೆಗಳು, ಎಲ್ಲಾ ಹೊಟ್ಟೆ ತುಂಬಿದ ಅಕ್ಷರಗಳು. ಮೈಕು ಕೈಗೆ ಕೊಟ್ಟರು. "ನನ್ನ ಈ ಸಾಧನೆಗೆ ಮನೆಯವರ ಬೆಂಬಲವೇ ಕಾರಣ" ಅಂದೆ. ಚಪ್ಪಾಳೆ ಬಿತ್ತು. ಅರ್ಧ ದಿನದ ರಜೆ ಹಾಕಿ ಬಂದಿದ್ದ ಅಕ್ಕ ಕೊನೆಯ ಸಾಲಿನಲ್ಲಿ ಕೂತಿದ್ದಳು. ಅವಳೂ ಚಪ್ಪಾಳೆ ಹೊಡೆದಳು.

ತಿರುಗಿ ಬರುವಾಗ ಅವಳು ಹೆಂಗಸರ ಡಬ್ಬಿಯಲ್ಲಿ, ನಾನು ಜನರಲ್ಲಿನಲ್ಲಿ. ದಿವಾದಲ್ಲಿ ಇಳಿದು ಸೇತುವೆಯ ಮೆಟ್ಟಿಲ ಹತ್ತಿರ ಸೇರಿಕೊಂಡೆವು. ಗದ್ದಲ ಕಡಿಮೆಯಾಗಲಿ ಎಂದು ನಿಂತಿದ್ದಾಗ ಅವಳು ಮೆಲ್ಲಗೆ ಹೇಳಿದಳು.

"ಬೆಂಬಲ ಅಂದಿ. ನಾ ಬೆಂಬಲ ಕೊಟ್ಟಿಲ್ಲೋ ತಮ್ಮಾ. ಫೋನ್ ಕೊಟ್ಟೀನಿ."

ಸಿಟ್ಟಿನಿಂದ ಹೇಳಲಿಲ್ಲ. ಚೀಟಿಯ ಮೇಲೆ ಬೆಲೆ ಬರೆದ ಹಾಗೆ ಹೇಳಿದಳು. ಆಮೇಲೆ ಕೊತ್ತಂಬರಿ ಮರೆತೆವು ಎಂದು ನೆನಪಾಗಿ ಬಜಾರದ ಕಡೆ ಹೊರಟಳು. ನಾನು ಅವಳ ಹಿಂದೆ, ಹಾಳೆಯ ಸುರುಳಿ ಹೊತ್ತುಕೊಂಡು.

ನಮ್ಮ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ಇದ್ದರು. ಮನೆ ಮನೆ ತಿರುಗಿ ವಚನಗಳ ತಾಳೆಗರಿ ಕೂಡಿಸಿ, ಸ್ವಂತ ಮನೆ ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಅಪ್ಪನಿಗೆ ಈ ಕಥೆ ಎಂದರೆ ಅಭಿಮಾನ, ನನಗೂ ಅಷ್ಟೇ. ಆದರೆ ಆ ರಾತ್ರಿ ಮಲಗಿದಾಗ ಬೇರೊಂದು ಯೋಚನೆ ಬಂತು. ಮನೆ ಮಾರಿದರು ಅಂತ ಓದಿದೆ. ಮಾರಿದ ಮನೆಯಲ್ಲಿದ್ದ ಹೆಂಗಸರು ಮಾರನೆಯ ದಿನ ಎಲ್ಲಿ ಒಲೆ ಹೂಡಿದರು ಅಂತ ನಾನು ಓದಿದ ಪುಟಗಳಲ್ಲಿ ಇರಲಿಲ್ಲ. ದೊಡ್ಡವರ ತ್ಯಾಗದ ಮಾತೇ ಹೀಗಾದರೆ, ನನ್ನಂಥವನ 'ಮನೆಯವರ ಬೆಂಬಲ' ಎಂಬ ಎರಡು ಶಬ್ದದ ಕೆಳಗೆ ಏನೇನು ಮುಚ್ಚಿಹೋಗಬಹುದು! ಒಬ್ಬಳ ಬ್ರಶ್ಶು, ಒಬ್ಬಳ ಹನ್ನೆರಡನೆಯ ಇಯತ್ತೆ, ಒಬ್ಬಳ ಕಣ್ಣು ಕಂಡುಹಿಡಿದ ಹಿಡಿತ. ಬೆಂಬಲ ಎಂದರೆ ಕೊಟ್ಟವರು ಖುಷಿಯಿಂದ ಕೊಟ್ಟರು, ತಗೊಂಡವನು ಕೈಮುಗಿದ, ಲೆಕ್ಕ ಚುಕ್ತಾ ಆಯಿತು ಅಂತ ಅರ್ಥ ಬರುತ್ತದೆ. ಲೆಕ್ಕ ಚುಕ್ತಾ ಆಗಿಲ್ಲ.

ಮುಂದಿನ ಭಾನುವಾರ ಸರ್ ಮುಂದೆ ನಿಂತು ಆ ಹಿಡಿತ ಅಕ್ಕನದು ಎಂದು ಹೇಳಿದೆ. ಬೈಯಬಹುದು ಎಂದುಕೊಂಡಿದ್ದೆ. "ಮಗ್ ತೀ ಕುಠೇ ಆಹೇ?" ಎಂದು ಕೇಳಿದರು. ಹಾಗಾದರೆ ಅವಳೆಲ್ಲಿ? ಅಷ್ಟೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾನುವಾರ ಸೀರೆಯ ಅಂಗಡಿಗೆ ಗಿರಾಕಿ ಜಾಸ್ತಿ, ರಜೆ ಸಿಗುವುದಿಲ್ಲ.

ಸುಲೇಖನದ ತರಗತಿಗೆ ಬಾ ಎಂದು ಅಕ್ಕನನ್ನು ಕರೆದೆ. ಅವಳು ಕೇಳಿದ್ದು ಬೇರೆ. "ನನಗ ಅದು ಬ್ಯಾಡ. ಹನ್ನೆರಡನೇದು ಮುಗಸಬೇಕು." ಹೊರಗಿನಿಂದ ಪರೀಕ್ಷೆಗೆ ಕೂಡುವವರಿಗೆ ನಮ್ಮ ಬೋರ್ಡಿನಲ್ಲಿ 17ನೆಯ ನಂಬರಿನ ಫಾರಮ್ಮು ಅಂತ ಇದೆ. ಅವಳಿಗೆ ಅದು ಎಂದೋ ಗೊತ್ತಿತ್ತು, ಕೇಳುವವರು ಇರಲಿಲ್ಲ. ಇಬ್ಬರೂ ಕೂತು ತುಂಬಿದೆವು. ಫೀ ನಾನು ಕಟ್ಟಿದೆ, ಎರಡು ಮದುವೆಗಳ ಲಗ್ನಪತ್ರಿಕೆಯ ಹೆಸರು ಬರೆದು ಬಂದ ದುಡ್ಡಿನಿಂದ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಅವಳು ಕಟ್ಟಿದ ನನ್ನ ಫೀಯ ಮೊತ್ತ ನನಗೆ ನೆನಪಿದೆ. ಸಹಿಯ ಜಾಗದಲ್ಲಿ ಅವಳು ಮೊದಲು ಮರಾಠಿಯಲ್ಲಿ ಬರೆಯಬೇಕೋ ಕನ್ನಡದಲ್ಲೋ ಎಂದು ಸ್ವಲ್ಪ ಹೊತ್ತು ಯೋಚಿಸಿ, ಕನ್ನಡದಲ್ಲಿ ಮಾಡಿದಳು. ತಲೆಕಟ್ಟನ್ನು ಕೊನೆಗೆ ಕಟ್ಟಿದಳು.

ಈ ಪುಟಗಳನ್ನು ಸ್ಟೆನ್ಸಿಲ್ಲಿನ ಮೇಲೆ ಬರೆಯುವ ಕೆಲಸವನ್ನೂ ಕೂಟದವರು ನನಗೇ ಹಚ್ಚಿದ್ದಾರೆ. ಮೇಣದ ಕಾಗದದ ಮೇಲೆ ಉಕ್ಕಿನ ಮೊನೆ. ತಾಳೆಗರಿಗೂ ಇದಕ್ಕೂ ಜಗಳ: ಗರಿ ನೇರ ಗೆರೆಗೆ ಸೀಳುತ್ತಿತ್ತು, ಇದು ದುಂಡು ಗೆರೆಗೆ ಹರಿಯುತ್ತದೆ. ಸೊನ್ನೆಯನ್ನು ಪೂರ್ತಿ ಮುಚ್ಚಿದರೆ ನಡುವಿನ ಚೂರು ಉದುರಿ ಅಲ್ಲೊಂದು ಮಸಿಯ ಬೊಟ್ಟು ಬೀಳುತ್ತದೆ. ಆದ್ದರಿಂದ ಪ್ರತಿ ಸೊನ್ನೆಯಲ್ಲೂ ಕೂದಲಷ್ಟು ಬಾಗಿಲು ತೆರೆದು ಇಟ್ಟಿದ್ದೇನೆ; ಹುಡುಕಿದರೆ ಕಾಣುತ್ತದೆ. ತಲೆಬರಹದ ಕೆಳಗೆ ಎರಡು ಹೆಸರು ಹಾಕಬೇಕೆಂದು ಕಾರ್ಯದರ್ಶಿಯವರಲ್ಲಿ ಕೇಳಿಕೊಂಡಿದ್ದೇನೆ.

ಸಾಲುಗಳು ಅಲ್ಲಲ್ಲಿ ಡೊಂಕಾಗಿದ್ದರೆ ಓದುಗರು ಮನ್ನಿಸಬೇಕು. ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಪ್ಲೈವುಡ್ಡಿನ ಹಲಗೆ ಈಗ ಅಕ್ಕನ ಪಾಲಿಗೆ. ಅವಳು ಅದರ ಮೇಲೆ ಅರ್ಥಶಾಸ್ತ್ರ ಓದುತ್ತಿದ್ದಾಳೆ. ನಾನು ಅವ್ವನ ಪರಾತವನ್ನು ಬೋರಲು ಹಾಕಿಕೊಂಡು, ಅದರ ಬೆನ್ನಿನ ಮೇಲೆ ಬರೆಯುತ್ತಿದ್ದೇನೆ. ಗೂಡ್ಸ್ ಗಾಡಿ ಬರುವ ಹೊತ್ತಾಯಿತು, ಕೈ ಎತ್ತುತ್ತೇನೆ.